ವಿಮಾನನಿಲ್ದಾಣದ ಬಸ್ಸು ಯಾರದು?

2018ರ ಮಾರ್ಚಿನಲ್ಲಿ ಬೆಂಗಳೂರಿನ ಕೆಂಪೇಗೌಡ ಅಂತಾರಾಷ್ಟ್ರೀಯ ವಿಮಾನನಿಲ್ದಾಣದಿಂದ ಎಲೆಕ್ಟ್ರಾನಿಕ್ ಸಿಟಿಗೆ ಹೆಲಿಕಾಪ್ಟರ್ ಟ್ಯಾಕ್ಸಿಯೊಂದು ಹಾರಾಟ ಆರಂಭಿಸಿತು. 2020ರ ಸೆಪ್ಟೆಂಬರಿನಲ್ಲಿ ನಿಲ್ದಾಣವನ್ನು ನಡೆಸುವ ಸಂಸ್ಥೆ ಹೈಪರ್‌ಲೂಪ್ ಕಂಪನಿಯೊಂದರೊಡನೆ ಒಡಂಬಡಿಕೆ ಮಾಡಿಕೊಂಡು, ಪ್ರಯಾಣಿಕರನ್ನು ಹತ್ತೇ ನಿಮಿಷದಲ್ಲಿ ನಗರದ ನಡುವಿಗೆ ತಲುಪಿಸುವ ಸಾಧ್ಯತೆಯನ್ನು ಅಧ್ಯಯನ ಮಾಡುವುದಾಗಿ ಘೋಷಿಸಿತು. ಆ ಕಂಪನಿ 2023ರ ಕೊನೆಗೆ ತನ್ನ ಅಂಗಡಿಯನ್ನೇ ಮುಚ್ಚಿತು. 2024ರಲ್ಲಿ ವಿದ್ಯುತ್ ಚಾಲಿತ ಹಾರುವ ಟ್ಯಾಕ್ಸಿಯ ಸರದಿ ಬಂತು. ಇನ್ನೊಂದು ಒಡಂಬಡಿಕೆ, ಮತ್ತೆ ಪತ್ರಿಕೆಗಳ ಮುಖಪುಟದಲ್ಲಿ ಚಿತ್ರಗಳು. ಇಷ್ಟೆಲ್ಲ ನಡೆಯುತ್ತಿದ್ದಾಗ ಒಂದು ವಾಹನ ಮಾತ್ರ, ನಿಲ್ದಾಣ ಆರಂಭವಾದ ಕಾಲದಿಂದ ಇಂದಿನವರೆಗೆ, ಹಗಲು ರಾತ್ರಿಯೆನ್ನದೆ ಜನರನ್ನು ಹೊತ್ತು ತಂದು ಇಳಿಸುತ್ತಲೇ ಇದೆ. ಅದು ಬಿಎಂಟಿಸಿಯ ಬಸ್ಸು.

ಬಸ್ಸಿಗೆ ಅಂಥ ಪ್ರಚಾರ ಸಿಗುವುದಿಲ್ಲ. ಅದು ಹಳೆಯದು, ನಿಧಾನದ್ದು, ಎಲ್ಲರದ್ದು. ಭವಿಷ್ಯದ ಚಿತ್ರಪಟಕ್ಕೆ ಒಗ್ಗುವಂಥದಲ್ಲ. ಆದರೆ ಒಂದು ನಗರ ತನ್ನ ವಿಮಾನನಿಲ್ದಾಣವನ್ನು ಯಾರ ಸ್ವತ್ತೆಂದು ಬಗೆದಿದೆ ಎಂಬುದನ್ನು ತಿಳಿಯಬೇಕಾದರೆ ಟರ್ಮಿನಲ್ಲಿನ ವಾಸ್ತುವಿನ್ಯಾಸವನ್ನು ನೋಡಿದರೆ ಸಾಲದು; ಅಲ್ಲಿಗೆ ಹೋಗುವ ಬಸ್ಸಿನ ದರಪಟ್ಟಿಯನ್ನೂ ವೇಳಾಪಟ್ಟಿಯನ್ನೂ ಓದಬೇಕು. ನನ್ನ ವಾದ ಸರಳವಾದದ್ದು. ವಿಮಾನನಿಲ್ದಾಣದ ಬಸ್ಸು ಊರಿನ ಉಳಿದ ಬಸ್ಸುಗಳಂತೆಯೇ ಒಂದು ಸಾಮಾನ್ಯ ಬಸ್ಸಾಗಬೇಕು. ಈ ಬೇಡಿಕೆಯನ್ನು ಎತ್ತುವ ಹೊಣೆ, ಆ ನಿಲ್ದಾಣದ ಮೂಲಕವೇ ಊರು ಬಿಡುವ ಮತ್ತು ಊರಿಗೆ ಮರಳುವ ಅನಿವಾಸಿ ಕನ್ನಡಿಗರಾದ ನಮ್ಮ ಮೇಲೂ ಇದೆ.

ಮೊದಲಿಗೆ ಸ್ವಲ್ಪ ಇತಿಹಾಸ. 2008ರ ಮೇ 24ರಂದು ದೇವನಹಳ್ಳಿಯ ಹೊಸ ನಿಲ್ದಾಣ ಕಾರ್ಯಾರಂಭ ಮಾಡಿದಾಗ, ಊರೊಳಗೇ ಇದ್ದ ಎಚ್‌ಎಎಲ್ ನಿಲ್ದಾಣ ನಾಗರಿಕ ವಿಮಾನಗಳಿಗೆ ಮುಚ್ಚಿತು. ಹಳೆಯ ನಿಲ್ದಾಣದ ಗೇಟಿನ ಮುಂದೆ ಸಾಮಾನ್ಯ ಸಿಟಿ ಬಸ್ಸು ಸಿಗುತ್ತಿತ್ತು. ಹೊಸದು ನಗರದ ನಡುವಿನಿಂದ ಮೂವತ್ತೈದು ಕಿಲೋಮೀಟರಿನಷ್ಟು ದೂರ. ಈ ಅಂತರವನ್ನು ತುಂಬಲು ಬಿಎಂಟಿಸಿ ‘ವಾಯು ವಜ್ರ’ ಎಂಬ ಹೆಸರಿನಲ್ಲಿ ಹವಾನಿಯಂತ್ರಿತ ವೋಲ್ವೊ ಬಸ್ಸುಗಳನ್ನು ಓಡಿಸತೊಡಗಿತು. ಮೆಜೆಸ್ಟಿಕ್, ಎಲೆಕ್ಟ್ರಾನಿಕ್ ಸಿಟಿ ಮೊದಲಾಗಿ ನಗರದ ಹಲವು ದಿಕ್ಕುಗಳಿಗೆ ನೇರ ಮಾರ್ಗಗಳು ಹುಟ್ಟಿಕೊಂಡವು. ಸಾಮಾನು ಇಡಲು ಬಸ್ಸಿನೊಳಗೆ ಜಾಗ ಮಾಡಲಾಯಿತು. ಹೆಚ್ಚು ಬೇಡಿಕೆಯಿರುವ ಮಾರ್ಗಗಳಲ್ಲಿ ನಡುರಾತ್ರಿಯಲ್ಲೂ ಸೇವೆ ಇತ್ತು. ಒಂದು ಸಾರ್ವಜನಿಕ ನಿಗಮ ಇಷ್ಟು ದೊಡ್ಡ ಪ್ರಮಾಣದಲ್ಲಿ, ಇಷ್ಟು ಶಿಸ್ತಿನಿಂದ ಇಂಥ ಸೇವೆಯನ್ನು ಕಟ್ಟಿ ನಿಲ್ಲಿಸಿದ್ದು ಸಣ್ಣ ಸಾಧನೆಯಲ್ಲ. ಸರ್ಕಾರಿ ಸಂಸ್ಥೆಗಳಿಂದ ಏನೂ ಆಗದು ಎಂದು ಊಟದ ಮೇಜಿನಲ್ಲಿ ತೀರ್ಪು ಕೊಡುವ ನಮ್ಮ ಬಂಧುಗಳಿಗೆ ಇದನ್ನು ನೆನಪಿಸಬೇಕು.

ಆದರೆ ಈ ಸೇವೆಯನ್ನು ರೂಪಿಸಿದ ಕಲ್ಪನೆಯಲ್ಲಿ ಒಂದು ಮಿತಿಯಿತ್ತು. ವಿಮಾನನಿಲ್ದಾಣಕ್ಕೆ ಹೋಗುವವರೆಂದರೆ ವಿಮಾನ ಹತ್ತುವವರು, ವಿಮಾನ ಹತ್ತುವವರೆಂದರೆ ಉಳ್ಳವರು, ಆದ್ದರಿಂದ ಬಸ್ಸೂ ಐಷಾರಾಮಿಯಾಗಿರಬೇಕು, ದರವೂ ಅದಕ್ಕೆ ತಕ್ಕಂತಿರಬೇಕು ಎಂಬುದು ಆ ಕಲ್ಪನೆ. 2024-25ರ ಆರ್ಥಿಕ ವರ್ಷದಲ್ಲಿ ಈ ನಿಲ್ದಾಣವನ್ನು ಬಳಸಿದ ಪ್ರಯಾಣಿಕರ ಸಂಖ್ಯೆ ಸುಮಾರು 4.2 ಕೋಟಿ, ಎಂದರೆ ದಿನಕ್ಕೆ ಒಂದು ಲಕ್ಷಕ್ಕೂ ಮಿಗಿಲು. ಇವರ ಪೆಟ್ಟಿಗೆಗಳನ್ನು ಹೊರುವವರು, ಶೌಚಾಲಯ ತೊಳೆಯುವವರು, ಕಾಫಿ ಕೊಡುವವರು, ವಿಮಾನದೊಳಗಿನ ಊಟವನ್ನು ಪೊಟ್ಟಣ ಕಟ್ಟುವವರು, ಸರಕು ಸಂಕೀರ್ಣದಲ್ಲಿ ರಾತ್ರಿ ಪಾಳಿ ಮಾಡುವವರು, ಕಾವಲು ಕಾಯುವವರು, ಇವರೆಲ್ಲರೂ ಅದೇ ನಿಲ್ದಾಣಕ್ಕೆ ದಿನಕ್ಕೆರಡು ಬಾರಿ ಪಯಣಿಸುತ್ತಾರೆ. ವರ್ಷಕ್ಕೊಮ್ಮೆಯೋ ಎರಡು ಬಾರಿಯೋ ಬರುವ ನಮಗಿಂತ ಅವರೇ ಈ ದಾರಿಯ ನಿಜವಾದ ಪ್ರಯಾಣಿಕರು.

ಒಂದು ಸರಳ ಲೆಕ್ಕ ಮಾಡೋಣ. ವಾಯು ವಜ್ರದ ದರ ದೂರಕ್ಕೆ ತಕ್ಕಂತೆ ಬದಲಾಗುತ್ತದೆ. ನಗರದ ಒಳಭಾಗಕ್ಕೆ ಒಂದು ಬದಿಗೆ 250 ರೂಪಾಯಿ ಎಂದಿಟ್ಟುಕೊಳ್ಳಿ. ಟ್ಯಾಕ್ಸಿಗೆ ಸಾವಿರಕ್ಕೂ ಮಿಗಿಲಾಗಿ ತೆರುವವರಿಗೆ ಇದು ಅಗ್ಗವೇ ಸರಿ. ಆದರೆ ದಿನಕ್ಕೆರಡು ಸಲದಂತೆ ತಿಂಗಳಲ್ಲಿ 26 ದಿನ ಹೋಗಿಬರುವವರಿಗೆ ಅದು 13,000 ರೂಪಾಯಿ. ಗುತ್ತಿಗೆಯ ಮೇಲೆ ನೆಲ ಒರೆಸುವ ಹೆಣ್ಣುಮಗಳೊಬ್ಬಳ ತಿಂಗಳ ಸಂಬಳದ ಬಹುಪಾಲು ಅಲ್ಲಿಗೇ ತೀರಿತು. ಮಾಸಿಕ ಪಾಸಿನ ವ್ಯವಸ್ಥೆ ಇದೆ, ನಿಜ. ಅದೂ ಸಾಮಾನ್ಯ ಬಸ್ಸಿನ ಪಾಸಿಗಿಂತ ಬಹಳ ದುಬಾರಿ. ಕೆಲವು ಸಂಸ್ಥೆಗಳು ತಮ್ಮ ನೌಕರರಿಗೆ ವಾಹನ ಒದಗಿಸುತ್ತವೆ. ಆದರೆ ಮಾಲೀಕ ಕಳಿಸುವ ವ್ಯಾನು ಮಾಲೀಕನ ಅನುಕೂಲದ ಹೊತ್ತಿಗೆ ಬರುತ್ತದೆ, ಕೆಲಸ ಬಿಟ್ಟ ಮರುದಿನ ನಿಲ್ಲುತ್ತದೆ. ಸಾರ್ವಜನಿಕ ಬಸ್ಸು ಪೌರರ ಹಕ್ಕು; ಅದನ್ನು ಉದ್ಯೋಗದ ಕರಾರಿನೊಳಗೆ ಕಟ್ಟಿಹಾಕಲಾಗದು.

ಇಲ್ಲಿಯೇ ಶಕ್ತಿ ಯೋಜನೆಯ ಪ್ರಶ್ನೆ ಬರುತ್ತದೆ. 2023ರ ಜೂನ್ 11ರಂದು ಜಾರಿಗೆ ಬಂದ ಈ ಯೋಜನೆ ಕರ್ನಾಟಕದ ಹೆಣ್ಣುಮಕ್ಕಳ ಓಡಾಟದ ನಕ್ಷೆಯನ್ನೇ ಬದಲಿಸಿತು. 2025ರ ಜುಲೈ ವೇಳೆಗೆ ಉಚಿತ ಪ್ರಯಾಣಗಳ ಸಂಖ್ಯೆ 500 ಕೋಟಿ ಮುಟ್ಟಿತು. ಆದರೆ ಯೋಜನೆ ಅನ್ವಯಿಸುವುದು ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಿಗೆ. ಹವಾನಿಯಂತ್ರಿತ ಹಾಗೂ ಐಷಾರಾಮಿ ಬಸ್ಸುಗಳು ಹೊರಗುಳಿದವು. ಟರ್ಮಿನಲ್ಲಿನ ಬಾಗಿಲಿಗೆ ಬರುವ ನಗರ ಸೇವೆಯ ಪ್ರಧಾನ ರೂಪವೇ ವಾಯು ವಜ್ರವಾದ್ದರಿಂದ, ಈ ಒಂದು ವರ್ಗೀಕರಣ ಒಂದು ದೊಡ್ಡ ಉದ್ಯೋಗಸ್ಥಳವನ್ನು ಶಕ್ತಿಯ ನಕ್ಷೆಯ ಅಂಚಿಗೆ ತಳ್ಳಿತು. ದೇವನಹಳ್ಳಿಯ ಕಡೆಗೆ ಹೋಗುವ ಸಾಮಾನ್ಯ ಬಸ್ಸಿನಲ್ಲಿ ಕೂತ ಹೆಣ್ಣುಮಗಳಿಗೆ ಟಿಕೆಟ್ ಇಲ್ಲ. ಆದರೆ ಆ ಬಸ್ಸು ಹೆದ್ದಾರಿಯ ಮೇಲೆ ಸಾಗಿಹೋಗುತ್ತದೆ. ಹೆದ್ದಾರಿಯಿಂದ ಟರ್ಮಿನಲ್ಲಿಗೆ ಇನ್ನೂ ಕೆಲವು ಕಿಲೋಮೀಟರು. ಬೆಳಗಿನ ನಾಲ್ಕು ಗಂಟೆಯ ಪಾಳಿಗೆ ಹೋಗುವವಳಿಗೆ ಆ ಕೆಲವು ಕಿಲೋಮೀಟರುಗಳೇ ಇಡೀ ಪ್ರಯಾಣದ ಕಷ್ಟ. ಯೋಜನೆಯನ್ನು ಬರೆದವರಿಗೆ ಅವಳನ್ನು ಹೊರಗಿಡುವ ಉದ್ದೇಶವಿರಲಿಲ್ಲ. ‘ಐಷಾರಾಮಿ’ ಎಂಬ ಒಂದು ಶಬ್ದ ಆ ಕೆಲಸವನ್ನು ಮಾಡಿತು.

ಸುತ್ತಲಿನ ಹಳ್ಳಿಗಳ ಮಾತೂ ಇದೆ. ನಿಲ್ದಾಣ ನಿಂತಿರುವುದು ಸುಮಾರು 4,000 ಎಕರೆ ನೆಲದ ಮೇಲೆ. ಅದರ ಸುತ್ತ ಬೆಳೆದ ಕೈಗಾರಿಕಾ ವಲಯಗಳ ಹಸಿವು ಅಲ್ಲಿಗೆ ನಿಲ್ಲಲಿಲ್ಲ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 1,777 ಎಕರೆ ಭೂಸ್ವಾಧೀನದ ವಿರುದ್ಧ ರೈತರು ಮೂರು ವರ್ಷಕ್ಕೂ ಮಿಗಿಲಾಗಿ ಧರಣಿ ಕೂತರು. 2025ರ ಜುಲೈ 15ರಂದು ಮುಖ್ಯಮಂತ್ರಿಗಳು ಸ್ವಾಧೀನವನ್ನು ಕೈಬಿಡುವುದಾಗಿ ಘೋಷಿಸಿದರು. ಈ ಸೀಮೆಯ ಜನರಿಗೆ ವಿಮಾನನಿಲ್ದಾಣ ಕೊಟ್ಟದ್ದು ಹೆಚ್ಚಾಗಿ ಕಾವಲು, ಸ್ವಚ್ಛತೆ, ಚಾಲನೆಯ ಕೆಲಸಗಳನ್ನು. ತಮ್ಮದೇ ಹಿರಿಯರ ಹೊಲವಿದ್ದ ಜಾಗಕ್ಕೆ ಕೂಲಿಗೆ ಹೋಗಲು ಅಗ್ಗದ ಬಸ್ಸೊಂದನ್ನು ಕೇಳುವುದು ಅತಿಯಾಸೆ ಅಲ್ಲ.

ಇನ್ನು ಈ ಬಸ್ಸು ಓಡುವ ರಸ್ತೆಯನ್ನು ನೋಡೋಣ. ಬಳ್ಳಾರಿ ರಸ್ತೆಯ ಕಳೆದ ಹದಿನೈದು ವರ್ಷಗಳ ಕತೆಯೆಂದರೆ ಕಾರಿಗಾಗಿ ಮಾಡಿದ ಖರ್ಚಿನ ಕತೆ. ಹೆಬ್ಬಾಳದಿಂದಾಚೆಗೆ ಎತ್ತರಿಸಿದ ಹೆದ್ದಾರಿ 2014ರಲ್ಲಿ ಸಿದ್ಧವಾಯಿತು. ಅದು ಸಾಲದೆಂದು 2016ರಲ್ಲಿ ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ 6.7 ಕಿಲೋಮೀಟರಿನ ಉಕ್ಕಿನ ಸೇತುವೆಯ ಯೋಜನೆ ಬಂತು. ಅಂದಾಜು ವೆಚ್ಚ 1,791 ಕೋಟಿ ರೂಪಾಯಿ, ಕಡಿಯಬೇಕಾಗಿದ್ದ ಮರಗಳು ಎಂಟುನೂರಕ್ಕೂ ಹೆಚ್ಚು. ಆ ಅಕ್ಟೋಬರಿನಲ್ಲಿ ಬೆಂಗಳೂರಿನ ಜನ ಬೀದಿಗಿಳಿದು, ಕೈಗೆ ಕೈ ಜೋಡಿಸಿ ಸರಪಳಿಯಾಗಿ ನಿಂತು ‘ಬೇಡ’ ಎಂದರು. 2017ರ ಮಾರ್ಚಿನಲ್ಲಿ ಸರ್ಕಾರ ಯೋಜನೆಯನ್ನು ಕೈಬಿಟ್ಟಿತು. ಈಗ ಅದೇ ಹೆಬ್ಬಾಳದಿಂದ ಸಿಲ್ಕ್ ಬೋರ್ಡಿನವರೆಗೆ ಸುಮಾರು 17 ಕಿಲೋಮೀಟರಿನ ಸುರಂಗ ರಸ್ತೆಯ ಪ್ರಸ್ತಾವ ಮುಂದಿದೆ. ಮೇಲೆ ಬೇಡವೆಂದರೆ ಕೆಳಗೆ. ಒಟ್ಟಿನಲ್ಲಿ ಕಾರು ಹೋಗಬೇಕು.

ಈ ರಸ್ತೆಯಲ್ಲಿ ಒಂದು ಪಥವನ್ನು ಬಸ್ಸಿಗೆಂದೇ ಬಿಟ್ಟುಕೊಡಲು ಸುರಂಗವನ್ನೂ ತೋಡಬೇಕಿಲ್ಲ, ಉಕ್ಕನ್ನೂ ಕರಗಿಸಬೇಕಿಲ್ಲ. ವೋಲ್ವೊ ಬಸ್ಸಿನ ಉದ್ದ 12 ಮೀಟರು. ಅದರಲ್ಲಿ ನಲವತ್ತು ಜನ ಕೂರುತ್ತಾರೆ. ಅದೇ ನಲವತ್ತು ಜನ ಕಾರಿಗಿಬ್ಬರಂತೆ ಹೊರಟರೆ ಇಪ್ಪತ್ತು ಕಾರು ಬೇಕು. ಒಂದಕ್ಕೊಂದು ತಾಗುವಂತೆ ನಿಲ್ಲಿಸಿದರೂ ಸಾಲಿನ ಉದ್ದ 80 ಮೀಟರು. ಹೆಬ್ಬಾಳದಲ್ಲಿ ನಿಂತು ಹೋದ ಸಾಲಿನಲ್ಲಿ ಬಸ್ಸೂ ಸಿಕ್ಕಿಕೊಂಡಿರುವುದು ಬಸ್ಸಿನ ತಪ್ಪಿನಿಂದಲ್ಲ. ಆದರೂ ನಲವತ್ತು ಜನರನ್ನು ಹೊತ್ತ ವಾಹನ ಒಬ್ಬರನ್ನು ಹೊತ್ತ ವಾಹನದ ಹಿಂದೆ ಕಾಯುತ್ತದೆ. 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿ ವಾಹನಗಳನ್ನಲ್ಲ, ಜನರನ್ನು ಸಾಗಿಸುವುದೇ ಗುರಿಯಾಗಬೇಕೆಂದು ಸ್ಪಷ್ಟವಾಗಿ ಹೇಳಿದೆ. ಬೆಂಗಳೂರು ಇದನ್ನು ಮಾಡಲಾರದ ಊರೂ ಅಲ್ಲ. 2019ರಲ್ಲಿ ಹೊರವರ್ತುಲ ರಸ್ತೆಯ ಸಿಲ್ಕ್ ಬೋರ್ಡ್–ಕೆ.ಆರ್. ಪುರ ಭಾಗದಲ್ಲಿ ಬಸ್ಸಿಗೆ ಪ್ರತ್ಯೇಕ ಪಥವನ್ನು ಗುರುತಿಸಿ ಕಂಬ ನೆಟ್ಟರು. ಅನಂತರ ಅದು ಅಳಿಸಿಹೋಯಿತು. ಆದರೆ ಸಾಧ್ಯ ಎಂಬುದಕ್ಕೆ ಸಾಕ್ಷಿ ಅಲ್ಲಿದೆ.

ಮೆಟ್ರೊ ಬರುತ್ತಿದೆಯಲ್ಲ, ಬಸ್ಸಿನ ಚಿಂತೆ ಏಕೆ ಎನ್ನುವವರುಂಟು. ಮೆಟ್ರೊ ಬರಲಿ, ಬೇಗನೆ ಬರಲಿ. ಸಿಲ್ಕ್ ಬೋರ್ಡಿನಿಂದ ಕೆ.ಆರ್. ಪುರ, ಹೆಬ್ಬಾಳಗಳ ಮೂಲಕ ನಿಲ್ದಾಣ ತಲುಪುವ ಸುಮಾರು 58 ಕಿಲೋಮೀಟರಿನ ನೀಲಿ ಮಾರ್ಗಕ್ಕೆ ಕೇಂದ್ರ ಸಚಿವ ಸಂಪುಟ 2021ರ ಏಪ್ರಿಲಿನಲ್ಲಿ ಒಪ್ಪಿಗೆ ನೀಡಿತು. ಅದು ಪೂರ್ಣಗೊಂಡ ಮೇಲೂ ಮೂರು ಸಂಗತಿಗಳು ಉಳಿಯುತ್ತವೆ. ಮೊದಲನೆಯದು, ಮೆಟ್ರೊ ರಾತ್ರಿ ಮಲಗುತ್ತದೆ. ಯೂರೋಪಿನಿಂದ, ಕೊಲ್ಲಿಯಿಂದ ಬರುವ ಅನೇಕ ವಿಮಾನಗಳು ಇಳಿಯುವುದು ನಡುರಾತ್ರಿಯಿಂದ ನಸುಕಿನ ನಡುವೆ. ಪಾಳಿಗಳು ಬದಲಾಗುವುದೂ ಆಗಲೇ. ಎರಡನೆಯದು, ನಗರದ ಪಶ್ಚಿಮಕ್ಕೂ ದಕ್ಷಿಣಕ್ಕೂ ಹೋಗಬೇಕಾದವರು ಮಾರ್ಗ ಬದಲಿಸಲೇಬೇಕು. ಎರಡು ಪೆಟ್ಟಿಗೆ, ಒಂದು ಕೂಸು, ಮುಪ್ಪಿನ ತಾಯಿಯೊಡನೆ ಅದು ಸುಲಭದ ಮಾತಲ್ಲ. ಮೂರನೆಯದು ದರ. 2025ರ ಫೆಬ್ರವರಿಯಲ್ಲಿ ಮೆಟ್ರೊದ ಗರಿಷ್ಠ ದರ 60ರಿಂದ 90 ರೂಪಾಯಿಗೆ ಏರಿದಾಗ ಎದ್ದ ಆಕ್ರೋಶ ನಮಗೆ ನೆನಪಿದೆ. ಶಕ್ತಿ ಯೋಜನೆ ಮೆಟ್ರೊಗೆ ಅನ್ವಯಿಸುವುದೂ ಇಲ್ಲ. ಮೆಟ್ರೊದ ನೆಪದಲ್ಲಿ ಬಸ್ಸನ್ನು ಕಡಿತಗೊಳಿಸಿದರೆ ಮೊದಲು ಕೆಳಗಿಳಿಯುವವರು ಯಾರೆಂದು ಹೇಳಬೇಕಾಗಿಲ್ಲ.

ರೈಲಿನ ಪಾಠವೂ ನಮ್ಮೆದುರಿಗಿದೆ. 2021ರ ಜನವರಿಯಲ್ಲಿ ನಿಲ್ದಾಣದ ಗಡಿಯಲ್ಲೇ, ಯಲಹಂಕ–ದೇವನಹಳ್ಳಿ ಹಳಿಯ ಮೇಲೆ ಒಂದು ರೈಲು ನಿಲುಗಡೆ ಆರಂಭವಾಯಿತು. ಟಿಕೆಟಿನ ಬೆಲೆ ಒಂದು ಲೋಟ ಕಾಫಿಯಷ್ಟು; ಅಲ್ಲಿಂದ ಟರ್ಮಿನಲ್ಲಿಗೆ ಷಟಲ್ ಬಸ್ಸು. ಇದಕ್ಕಿಂತ ನ್ಯಾಯವಾದ ದರ ಇನ್ನೆಲ್ಲಿ ಸಿಕ್ಕೀತು? ಆದರೆ ದಿನಕ್ಕೆ ಬೆರಳೆಣಿಕೆಯ ರೈಲುಗಳಿದ್ದರೆ ಅಗ್ಗದ ಟಿಕೆಟು ಯಾರ ಹೊತ್ತಿಗೂ ಒದಗುವುದಿಲ್ಲ. ಸಾರ್ವಜನಿಕ ಸಾರಿಗೆಗೆ ದರ ಒಂದು ಕಾಲಾದರೆ ಆವರ್ತನ ಇನ್ನೊಂದು ಕಾಲು.

ನಾವಿರುವ ದೇಶಗಳಲ್ಲಿ ಇದನ್ನು ಹೇಗೆ ಬಗೆಹರಿಸಿದ್ದಾರೆ? ನಾನು ಕೆಲಸ ಮಾಡುವ ಜರ್ಮನಿಯಲ್ಲಿ, 2020ರಲ್ಲಿ ತೆರೆದ ಬರ್ಲಿನ್ನಿನ ಹೊಸ ವಿಮಾನನಿಲ್ದಾಣವೂ ಊರಿನ ಗಡಿಯಾಚೆಗೇ ಇದೆ. ಆದರೂ ಅಲ್ಲಿಂದ ಹೊರಡುವ ಸಾಮಾನ್ಯ ನಗರ ಬಸ್ಸಿಗಾಗಲಿ ರೈಲಿಗಾಗಲಿ ವಿಮಾನನಿಲ್ದಾಣದ ವಿಶೇಷ ದರವೆಂಬುದಿಲ್ಲ. ಊರಿನ ಹೊರವಲಯಕ್ಕೆ ಹೋಗುವ ಯಾವುದೇ ಪ್ರಯಾಣಿಕನಂತೆ ಅದೇ ಟಿಕೆಟು. 2023ರ ಮೇ ತಿಂಗಳಲ್ಲಿ 49 ಯೂರೋಗೆ ಆರಂಭವಾಗಿ ಅನಂತರ ದುಬಾರಿಯಾದ ದೇಶವ್ಯಾಪಿ ಮಾಸಿಕ ಟಿಕೆಟೂ ಅಲ್ಲಿ ನಡೆಯುತ್ತದೆ. ಬಾಸ್ಟನ್ನಿನ ಲೋಗನ್ ನಿಲ್ದಾಣದಿಂದ ನಗರದ ಸೌತ್ ಸ್ಟೇಷನ್ನಿಗೆ ಹೋಗುವ ಸಿಲ್ವರ್ ಲೈನ್ ಬಸ್ಸನ್ನು ಟರ್ಮಿನಲ್ಲಿನಲ್ಲಿ ಹತ್ತುವವರಿಗೆ 2012ರಿಂದ ಟಿಕೆಟೇ ಇಲ್ಲ. ಲಂಡನ್ನಿನ ಹೀಥ್ರೂವಿನಿಂದ ನಗರಕ್ಕೆ ಹೋಗುವ ವೇಗದ ವಿಶೇಷ ರೈಲಿನ ಸಾಮಾನ್ಯ ದರ 25 ಪೌಂಡು. ಅದೇ ನಿಲ್ದಾಣದಿಂದ ರಾತ್ರಿಯಿಡೀ ಓಡುವ ಎನ್9 ಬಸ್ಸಿಗೆ ಊರಿನ ಬೇರೆಲ್ಲ ಬಸ್ಸಿನಂತೆ ಎರಡು ಪೌಂಡಿಗೂ ಕಡಿಮೆ. ಪಶ್ಚಿಮದಲ್ಲಿ ಎಲ್ಲವೂ ಸರಿಯಿದೆಯೆಂದು ನಾನು ಹೇಳುತ್ತಿಲ್ಲ. ಸ್ಯಾನ್ ಫ್ರಾನ್ಸಿಸ್ಕೊದ ಬಾರ್ಟ್ ರೈಲು ವಿಮಾನನಿಲ್ದಾಣದಲ್ಲಿ ಇಳಿಯುವ, ಹತ್ತುವ ಪ್ರಯಾಣಿಕರ ಮೇಲೆ ಹೆಚ್ಚುವರಿ ದರ ಹೇರುತ್ತದೆ. ಆದರೆ ಅಲ್ಲಿಯೂ ನಿಲ್ದಾಣದ ನೌಕರರಿಗೆ ರಿಯಾಯಿತಿಯುಂಟು. ಪ್ರವಾಸಿಯೇ ಬೇರೆ, ದುಡಿಯುವವನೇ ಬೇರೆ ಎಂಬ ವಿವೇಕ ಆ ವ್ಯವಸ್ಥೆಗಾದರೂ ಇದೆ. ಅಷ್ಟು ದೂರವೇಕೆ, ಚೆನ್ನೈಯಲ್ಲಿ ವಿಮಾನನಿಲ್ದಾಣದ ಎದುರಿಗೇ ತಿರುಶೂಲಂ ಉಪನಗರ ರೈಲು ನಿಲ್ದಾಣವಿದೆ.

ನಷ್ಟದ ವಾದವನ್ನೂ ಎದುರಿಸಬೇಕು. ದರ ಇಳಿಸಿದರೆ ನಿಗಮ ಮುಳುಗೀತು ಎನ್ನುತ್ತಾರೆ. ಇದು ಪೊಳ್ಳು ವಾದವಲ್ಲ. ವೇತನದ ಬೇಡಿಕೆಗಳಿಗಾಗಿ ಸಾರಿಗೆ ನೌಕರರು 2021ರ ಏಪ್ರಿಲಿನಲ್ಲೂ 2025ರ ಆಗಸ್ಟಿನಲ್ಲೂ ಮುಷ್ಕರ ಹೂಡಿದ್ದನ್ನು ಕಂಡಿದ್ದೇವೆ. ಚಾಲಕರ, ನಿರ್ವಾಹಕರ ಬೆವರಿನಿಂದ ಪ್ರಯಾಣಿಕರಿಗೆ ರಿಯಾಯಿತಿ ಕೊಡಬೇಕೆಂದು ಯಾವ ಪ್ರಗತಿಪರನೂ ಕೇಳಬಾರದು. ಆದರೆ ಹಣ ಎಲ್ಲಿಂದ ಬರಬೇಕೆಂಬುದು ಆಯ್ಕೆಯ ಪ್ರಶ್ನೆ. ವಿಮಾನ ಹತ್ತುವ ಪ್ರತಿಯೊಬ್ಬರೂ ಟಿಕೆಟಿನೊಳಗೇ ಬಳಕೆದಾರರ ಅಭಿವೃದ್ಧಿ ಶುಲ್ಕ ತೆರುತ್ತಾರೆ. ಕಾರು ನಿಲುಗಡೆಯಿಂದಲೂ ನಿಲ್ದಾಣಕ್ಕೆ ವರಮಾನವಿದೆ. ನಿಲ್ದಾಣದ ಸಂಸ್ಥೆಯಲ್ಲಿ ರಾಜ್ಯ ಸರ್ಕಾರದ ನಿಗಮವೊಂದಕ್ಕೂ ಭಾರತೀಯ ವಿಮಾನನಿಲ್ದಾಣ ಪ್ರಾಧಿಕಾರಕ್ಕೂ ತಲಾ ಶೇಕಡ 13ರಷ್ಟು ಪಾಲಿದೆ. ಆದ್ದರಿಂದ ಸಾರ್ವಜನಿಕರ ದನಿ ಅದರ ಆಡಳಿತ ಮಂಡಳಿಯಲ್ಲಿ ಕೇಳಬಾರದೆಂಬ ನಿಯಮವೇನೂ ಇಲ್ಲ. ಈ ಆದಾಯಗಳಲ್ಲಿ ಒಂದು ಸಣ್ಣ ಪಾಲನ್ನು ಬಸ್ಸಿಗೆ ಮೀಸಲಿಟ್ಟರೆ, ಕಾರಿನಲ್ಲಿ ಬರುವವರು ಬಸ್ಸಿನಲ್ಲಿ ಬರುವವರ ದಾರಿಯನ್ನು ಹಗುರ ಮಾಡಿದಂತಾಗುತ್ತದೆ. ಬಸ್ಸು ತುಂಬಿದಷ್ಟೂ ಕಾರಿನವರ ರಸ್ತೆಯೂ ಖಾಲಿಯಾಗುತ್ತದೆ. ಆದ್ದರಿಂದ ಇದನ್ನು ದಾನವೆನ್ನುವುದೂ ಸರಿಯಲ್ಲ.

ಇನ್ನು ನಮ್ಮ ಮಾತು. ಅನಿವಾಸಿ ಎಂದೊಡನೆ ಡಾಲರು ಗಳಿಸುವ ಎಂಜಿನಿಯರ್ ಒಬ್ಬನ ಚಿತ್ರವೇ ಏಕೆ ಮೂಡಬೇಕು? ದುಬೈ, ದಮ್ಮಾಮ್, ದೋಹಾಗಳಿಂದ ಎರಡು ವರ್ಷಕ್ಕೊಮ್ಮೆ ಮರಳುವ ಕಟ್ಟಡ ಕಾರ್ಮಿಕ, ಚಾಲಕ, ಮನೆಗೆಲಸದ ಹೆಂಗಸು, ದಾದಿ, ಇವರೂ ಅನಿವಾಸಿ ಕನ್ನಡಿಗರೇ. ಕರಾವಳಿಯ, ಕಲಬುರಗಿ ಸೀಮೆಯ ಎಷ್ಟೋ ಮನೆಗಳು ಇವರ ದುಡಿಮೆಯಿಂದ ನಿಂತಿವೆ. ಇಂಥವರೊಬ್ಬರು ನಡುರಾತ್ರಿ ದೇವನಹಳ್ಳಿಯಲ್ಲಿ ಇಳಿದು ಮೆಜೆಸ್ಟಿಕ್ಕಿಗೆ ಬಂದು ಊರಿನ ಬಸ್ಸು ಹಿಡಿಯಬೇಕಾದಾಗ, ಟ್ಯಾಕ್ಸಿಗೆ ತೆರುವ ಸಾವಿರ ಚಿಲ್ಲರೆ ಅವರ ಲೆಕ್ಕದಲ್ಲಿ ದೊಡ್ಡದೇ. ವಿಮಾನ ಹತ್ತಿದವರೆಲ್ಲ ಉಳ್ಳವರು ಎಂಬ ಕಲ್ಪನೆ ನಿಲ್ದಾಣದ ಒಳಗೂ ಸುಳ್ಳು, ಹೊರಗೂ ಸುಳ್ಳು. ಸರ್ಕಾರಗಳು ಅನಿವಾಸಿಗಳ ಅಭಿಪ್ರಾಯ ಕೇಳುವಾಗ ಸಾಮಾನ್ಯವಾಗಿ ಮೊದಲ ಬಗೆಯವರನ್ನೇ ಕರೆಯುತ್ತವೆ. ಅವರು ಹೂಡಿಕೆಯ ಬಗ್ಗೆ, ವೇಗದ ಬಗ್ಗೆ ಮಾತನಾಡಿ ಹೋಗುತ್ತಾರೆ. ಆ ವೇದಿಕೆಗಳಲ್ಲಿ ನಮಗೆ ಒಮ್ಮೊಮ್ಮೆ ಸಿಗುವ ಐದು ನಿಮಿಷಗಳನ್ನು ಬಸ್ಸಿನ ಮಾತಿಗೆ ಬಳಸಬಹುದು. ಹೊರದೇಶದಲ್ಲಿ ಸಾರ್ವಜನಿಕ ಸಾರಿಗೆಯನ್ನು ನಾಗರಿಕತೆಯ ಲಕ್ಷಣವೆಂದು ಹೊಗಳುವ ನಮ್ಮ ಮಾತಿಗೆ ಊರಿನಲ್ಲೂ ಅದೇ ಅರ್ಥವಿರಬೇಕಷ್ಟೆ.

2022ರ ನವೆಂಬರಿನಲ್ಲಿ ಎರಡನೆಯ ಟರ್ಮಿನಲ್ಲಿನ ಜೊತೆಗೆ 108 ಅಡಿ ಎತ್ತರದ ಕೆಂಪೇಗೌಡರ ಕಂಚಿನ ಪ್ರತಿಮೆಯೂ ಅನಾವರಣಗೊಂಡಿತು. ಊರು ಕಟ್ಟಿದವನಿಗೆ ಗೌರವ ಸಲ್ಲಲಿ. ಆದರೆ ಸ್ಥಾವರಕ್ಕಿಂತ ಜಂಗಮವನ್ನು ಮೇಲೆಂದು ಬಗೆದ ಶರಣರ ನಾಡು ನಮ್ಮದು. ಊರು ಕಟ್ಟಿದವನಿಗೆ ಸಲ್ಲಬೇಕಾದ ಇನ್ನೊಂದು ಗೌರವ, ಅವನ ಹೆಸರಿನ ನಿಲ್ದಾಣಕ್ಕೆ ಊರಿನ ಎಲ್ಲರೂ ಹೋಗಿಬರುವಂತೆ ಮಾಡುವುದು.

ಬೇಡಿಕೆಗಳು ಕಷ್ಟದವಲ್ಲ. ಸಾಮಾನ್ಯ ದರದ, ಶಕ್ತಿ ಯೋಜನೆಗೆ ಒಳಪಟ್ಟ ಬಸ್ಸುಗಳು ಟರ್ಮಿನಲ್ಲಿನ ಬಾಗಿಲಿನವರೆಗೂ ಬರಲಿ, ಅದರಲ್ಲೂ ಪಾಳಿ ಬದಲಾಗುವ ಹೊತ್ತಿಗೆ. ಎಲ್ಲ ಬಸ್ಸುಗಳಲ್ಲೂ ಸಾಧ್ಯವಾಗದಿದ್ದರೆ, ನಿಲ್ದಾಣದಲ್ಲಿ ದುಡಿಯುವ ಹೆಣ್ಣುಮಕ್ಕಳಿಗಾದರೂ ವಾಯು ವಜ್ರದಲ್ಲಿ ಶಕ್ತಿಯ ಹಕ್ಕು ದೊರೆಯಲಿ. ಹೆಬ್ಬಾಳದಿಂದ ನಿಲ್ದಾಣದವರೆಗೆ ಒಂದು ಪಥ ಬಸ್ಸಿಗೇ ಇರಲಿ. ಮೆಟ್ರೊ ಬಂದ ಮೇಲೂ ರಾತ್ರಿಯ ಬಸ್ಸುಗಳು ನಿಲ್ಲುವುದಿಲ್ಲವೆಂದು ಸರ್ಕಾರ ಈಗಲೇ ಬರಹದಲ್ಲಿ ಹೇಳಲಿ. ಉಕ್ಕಿನ ಸೇತುವೆಯನ್ನು ನಿಲ್ಲಿಸಿದ್ದು ಯಾವ ತಜ್ಞ ಸಮಿತಿಯೂ ಅಲ್ಲ, ರಸ್ತೆಯಲ್ಲಿ ನಿಂತ ಜನ. ಈ ಬಸ್ಸನ್ನು ಓಡಿಸಬಲ್ಲವರೂ ಅವರೇ. ಅವರ ಜೊತೆ ದನಿಗೂಡಿಸುವುದು ದೂರದಲ್ಲಿರುವ ನಮಗೂ ಸಾಧ್ಯ.